ಜೂನ್‌ನಲ್ಲಿ ಸಾಧು, ನವೆಂಬರ್‌ನಲ್ಲಿ ಮೊಂಡು

‘ಅಮೆರಿಕದಲ್ಲಿದ್ದಾಗ ಏನೇನು ಕೊಂಡಿರಿ?’ ಎಂದು ಪುಣೆಯ ಗೆಳೆಯರು ಕೇಳಿದರೆ ನಾನು ‘ಒಂದು ಕುದುರೆ’ ಎನ್ನುತ್ತೇನೆ. ಅವರು ನಗುತ್ತಾರೆ. ನನ್ನ ಹೆಂಡತಿ ನಗುವುದಿಲ್ಲ. ಕುದುರೆಯ ತಿಂಗಳ ಖರ್ಚಿನ ಲೆಕ್ಕ ಬರೆಯುತ್ತಿದ್ದವಳು ಅವಳೇ.

ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚಿನಲ್ಲಿ ಸ್ಪೋಕೇನ್ ಎಂಬ ಊರಿದೆ. ಸಾಫ್ಟ್‌ವೇರ್ ಕೆಲಸದ ಮೇಲೆ ನಾವು ಅಲ್ಲಿ ಮೂರು ವರ್ಷ ಇದ್ದೆವು. ಊರಿನಿಂದ ದಕ್ಷಿಣಕ್ಕೆ ಹೊರಟರೆ ಪಲೂಸ್ ಸೀಮೆ. ಕಣ್ಣು ಹಾಯುವವರೆಗೂ ಗೋಧಿ ಬೆಳೆಯುವ ದಿಬ್ಬಗಳು. ಧಾರವಾಡದ ಕಡೆಯ ನನಗೆ ಆ ಹೊಲಗಳನ್ನು ನೋಡಿಯೇ ಅರ್ಧ ಸಮಾಧಾನವಾಗುತ್ತಿತ್ತು. ಆ ಸೀಮೆಯಲ್ಲಿ ಹರಿಯುವ ನದಿಯ ಹೆಸರೂ ಪಲೂಸ್. ‘ಎ ಪಲೂಸ್ ಹಾರ್ಸ್’, ಅಂದರೆ ಪಲೂಸ್ ಕಡೆಯ ಒಂದು ಕುದುರೆ ಎಂಬ ಮಾತು ಆಡುತ್ತ ಆಡುತ್ತ ‘ಅಪಲೂಸಾ’ ಆಯಿತು ಎನ್ನುತ್ತಾರೆ.

ಈ ಕುದುರೆಗಳನ್ನು ಸಾಕಿ ಹೆಸರು ತಂದವರು ನೆಜ್ ಪರ್ಸ್ ಎಂಬ ಮೂಲನಿವಾಸಿಗಳು. 1877ರಲ್ಲಿ ಅವರನ್ನು ಸ್ವಂತ ನೆಲದಿಂದ ಎಬ್ಬಿಸಿ ಮೀಸಲು ಪ್ರದೇಶಕ್ಕೆ ತಳ್ಳಲು ಸೈನ್ಯ ಬಂತು. ಹೆಂಗಸರು, ಮಕ್ಕಳು, ಮುದುಕರೊಂದಿಗೆ ಅವರು ಸುಮಾರು 1,900 ಕಿಲೋಮೀಟರ್ ಕುದುರೆಗಳ ಮೇಲೆ ಓಡಿದರು. ಕೆನಡಾ ಗಡಿ ಇನ್ನು 65 ಕಿಲೋಮೀಟರಿನಷ್ಟು ದೂರವಿದ್ದಾಗ, ಅಕ್ಟೋಬರ್ 5ರಂದು, ಅವರ ಮುಖಂಡ ಜೋಸೆಫ್ ಶರಣಾದ. ಜನ ಚದುರಿದರು, ಕುದುರೆಗಳೂ ಕೈಬಿಟ್ಟು ಹೋದವು. ತಳಿಯನ್ನು ಉಳಿಸಲು 1938ರಲ್ಲಿ ಅಪಲೂಸಾ ಹಾರ್ಸ್ ಕ್ಲಬ್ ಹುಟ್ಟಿತು. ಈಗ ಅದರ ಕಚೇರಿ ಐಡಾಹೊದ ಮಾಸ್ಕೋ ಎಂಬ ಪುಟ್ಟ ಊರಿನಲ್ಲಿದೆ. ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. 1975ರಿಂದ ಅಪಲೂಸಾ ಐಡಾಹೊದ ರಾಜ್ಯ ಕುದುರೆ.

ಮೊದಲ ವರ್ಷ ವಾರಾಂತ್ಯಗಳಲ್ಲಿ ಸವಾರಿ ಕಲಿತೆ. ಎರಡನೆಯ ವರ್ಷದ ಜೂನ್‌ನಲ್ಲಿ, ಒಂಬತ್ತು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಂಡೆ. ಹೆಗಲಿನವರೆಗೆ ಐದು ಅಡಿ ಎತ್ತರ. ಕಾಗದಪತ್ರದಲ್ಲಿ ಹೆಸರು ಪರ್ಲ್, ನಮ್ಮ ಮನೆಯಲ್ಲಿ ಮುತ್ತು. ಅಪಲೂಸಾ ಎಂದರೆ ಮೈತುಂಬ ಚುಕ್ಕೆ ಎಂದು ಎಲ್ಲರೂ ಬಯಸುತ್ತಾರೆ. ಮುತ್ತುವಿನ ಮೈ ಬಹುತೇಕ ಬಿಳಿ. ಪಕ್ಕೆಯ ಮೇಲೆ ಎಣಿಸಿದರೆ ಏಳೆಂಟು ಕಂದು ಚುಕ್ಕೆ. ಹಾಗಾಗಿ ಬೆಲೆ ಕಡಿಮೆ ಎಂದು ಮಾರಿದವರು ಹೇಳಿದರು. ನನಗೆ ಅದೇ ಬೇಕಿತ್ತು.

ಊರ ಹೊರಗಿನ ಒಂದು ಲಾಯದಲ್ಲಿ ಅವಳನ್ನು ಬಾಡಿಗೆಗೆ ಇರಿಸಿದೆ. ಮೊದಲ ದಿನ ಅವಳ ಕಣ್ಣು ನೋಡಿ ಹೆದರಿದ್ದೆ. ಕಣ್ಣಾಲಿಯ ಸುತ್ತ ಬಿಳಿ ಕಾಣುತ್ತಿತ್ತು. ಬೇರೆ ಕುದುರೆಗಳಲ್ಲಿ ಹಾಗೆ ಬಿಳಿ ಕಂಡರೆ ಅದು ಬೆದರಿದೆ ಅಥವಾ ಸಿಟ್ಟಾಗಿದೆ ಎಂದು ಕಲಿಸಿದ್ದರು. ಲಾಯದ ಒಡತಿ ನಕ್ಕರು. ಅಪಲೂಸಾಗಳ ಕಣ್ಣು ಸುಮ್ಮನೆ ನಿಂತಾಗಲೂ ಹಾಗೆಯೇ ಇರುತ್ತದಂತೆ. ಗೊರಸಿನ ಮೇಲಿನ ಉದ್ದ ಪಟ್ಟೆ, ಮೂತಿಯ ಸುತ್ತಲಿನ ಚುಕ್ಕೆಚುಕ್ಕೆ ಚರ್ಮ, ಕಣ್ಣಿನ ಈ ಬಿಳಿ, ಮೂರೂ ತಳಿಯ ಗುರುತು. ‘ಕಣ್ಣು ನೋಡಬೇಡಿ, ಕಿವಿ ನೋಡಿ’ ಎಂದರು.

ಆ ಬೇಸಿಗೆ ಚೆನ್ನಾಗಿತ್ತು. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ. ಐದೂವರೆಗೆ ಆಫೀಸು ಬಿಟ್ಟು ಆರಕ್ಕೆ ಜೀನು ಬಿಗಿದರೂ ಎರಡು ಗಂಟೆ ಸುತ್ತಬಹುದಿತ್ತು. ಮುತ್ತು ಹಳ್ಳ ದಾಟಿದಳು, ಟ್ರ್ಯಾಕ್ಟರ್ ಪಕ್ಕದಲ್ಲೇ ಹೋದಳು, ನನ್ನ ಆರು ವರ್ಷದ ಮಗಳನ್ನು ಹೊತ್ತು ನಡೆದಳು. ಒಮ್ಮೆ ತೋರಿಸಿದ ಕೆಲಸವನ್ನು ಎರಡನೆಯ ದಿನ ತಾನೇ ಮಾಡುತ್ತಿದ್ದಳು. ‘ಎಂಥ ಸಾಧು ಕುದುರೆ ಸಿಕ್ಕಿತು’ ಎಂದು ಊರಿಗೆಲ್ಲ ಫೋಟೋ ಕಳಿಸಿದೆ.

ಅಕ್ಟೋಬರ್‌ನಲ್ಲಿ ಅವಳು ಬದಲಾದಳು. ಬೇಲಿಯ ಗೇಟಿನ ಹತ್ತಿರ ನಿಂತುಬಿಡುತ್ತಿದ್ದಳು. ತಲೆ ಎತ್ತಿ, ಕುತ್ತಿಗೆ ಬಿಗಿದು, ಒಂದು ಹೆಜ್ಜೆಯೂ ಇಲ್ಲ. ಒತ್ತಾಯಿಸಿದರೆ ಹಿಂದೆ ಹಿಂದೆ ಹೋಗುತ್ತಿದ್ದಳು. ಬದಿಯಲ್ಲಿ ಇನ್ನೊಂದು ಕುದುರೆ ಬಂದರೆ ಬೆಚ್ಚಿ ಹಾರುತ್ತಿದ್ದಳು. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆ ವಾರದಿಂದ ಲಾಯದ ಬಾಗಿಲು ದಾಟಿಸುವುದೇ ಕಷ್ಟವಾಯಿತು.

ಲಾಯದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅಪಲೂಸಾ ಅಲ್ಲವೇ, ಮೊಂಡು. ಅಮೆರಿಕದ ಕುದುರೆಯವರಲ್ಲಿ ಈ ತಳಿಯ ಮೊಂಡುತನದ ಬಗ್ಗೆ ಜೋಕುಗಳೇ ಇವೆ. ನೀನು ಮೆತ್ತಗಿದ್ದೀಯ, ಅದಕ್ಕೇ ಅವಳು ನಿನ್ನನ್ನು ಅಳೆಯುತ್ತಿದ್ದಾಳೆ ಎಂದು ಒಬ್ಬರು ಹೇಳಿದರು. ಒಂದು ಸಂಜೆ ನಾನು ಚಾಟಿ ಎತ್ತಿದೆ. ಎರಡು ಏಟು. ಮುತ್ತು ಮುಂದಕ್ಕೆ ಜಿಗಿದಳು, ನೇರವಾಗಿ ನೀರಿನ ತೊಟ್ಟಿಗೆ ಹಾಯ್ದು ಮೊಣಕಾಲೂರಿ ಬಿದ್ದಳು. ನಾನೂ ಬಿದ್ದೆ. ನನಗೇನೂ ಆಗಲಿಲ್ಲ, ಅವಳ ಮೊಣಕಾಲು ಕಿತ್ತು ರಕ್ತ ಬಂತು. ಅಂದು ರಾತ್ರಿ ಕುದುರೆ ಮಾರಾಟಕ್ಕಿದೆ ಎಂಬ ಜಾಹೀರಾತನ್ನು ಬರೆದಿಟ್ಟೆ.

ಅದನ್ನು ಕಳಿಸುವ ಮುಂಚೆ ನವಲಗುಂದದಲ್ಲಿರುವ ಅವ್ವನಿಗೆ ಫೋನ್ ಮಾಡಿದ್ದೆ. ಎಲ್ಲ ಕೇಳಿ ಅವ್ವ ಒಂದೇ ಪ್ರಶ್ನೆ ಹಾಕಿದಳು.

‘ತಮ್ಮಾ, ಹಗಲಿನ್ಯಾಗ ನೆಟ್ಟಗ ಹೋಗತೈತೇನು?’

ಹಗಲಿನಲ್ಲಿ? ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ತಿಂಗಳ ಶನಿವಾರ, ಭಾನುವಾರಗಳನ್ನು ನೆನಪಿಸಿಕೊಂಡೆ. ಮಧ್ಯಾಹ್ನ ಹೋದ ಎರಡು ಸಲವೂ ಅವಳು ಎಂದಿನಂತೆಯೇ ನಡೆದಿದ್ದಳು.

‘ಹಂಗಿದ್ರ ಕಣ್ಣು ತೋರಸು. ನಮ್ಮ ತವರುಮನ್ಯಾಗ ಒಂದು ಎತ್ತಿಗೆ ಇರುಳಗಣ್ಣು ಇತ್ತು. ಹೊತ್ತು ಮುಣುಗಿದ ಮ್ಯಾಲೆ ಎಷ್ಟು ಹೊಡದ್ರೂ ಹೆಜ್ಜಿ ಇಡತಿರಲಿಲ್ಲ. ಹೊಡದಾಂವನೂ ನಮ್ಮಪ್ಪಾನ, ಗೊತ್ತಾದ ಮ್ಯಾಲೆ ಅತ್ತಾಂವನೂ ನಮ್ಮಪ್ಪಾನ.’

ಕೆಲಸದಲ್ಲಿ ಏನಾದರೂ ಕೆಟ್ಟರೆ ನಾವು ಮೊದಲು ಕೇಳುವುದು ‘ಯಾವಾಗಿನಿಂದ? ಏನು ಬದಲಾಯಿತು?’ ಎಂದು. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಯನ್ನು ನನ್ನ ಕುದುರೆಯ ವಿಷಯದಲ್ಲಿ ನಾನು ಕೇಳಿರಲಿಲ್ಲ. ಬದಲಾದದ್ದು ಕುದುರೆಯಲ್ಲ, ಬೆಳಕು. ಡಿಸೆಂಬರ್‌ನಲ್ಲಿ ಸ್ಪೋಕೇನ್‌ನಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ. ನಾನು ಅವಳನ್ನು ಕಾಣುತ್ತಿದ್ದುದೇ ಕತ್ತಲಲ್ಲಿ.

ಪಶುವೈದ್ಯರು ಬಂದು ಮುತ್ತುವಿನ ಬಿಳಿ ಮೈ ನೋಡುತ್ತಲೇ ಅನುಮಾನಪಟ್ಟರು. ಅಪಲೂಸಾದ ಚುಕ್ಕೆಗೆ ಕಾರಣವಾದ ಜೀನ್ ರೂಪವನ್ನು ‘ಎಲ್‌ಪಿ’ ಎನ್ನುತ್ತಾರೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದು ಬಂದರೆ ಸಾಮಾನ್ಯವಾಗಿ ಚುಕ್ಕೆ ಹೆಚ್ಚು, ರಾತ್ರಿಯ ದೃಷ್ಟಿಗೆ ತೊಂದರೆಯಿಲ್ಲ. ಇಬ್ಬರಿಂದಲೂ ಬಂದರೆ ಚುಕ್ಕೆ ತೀರ ಕಡಿಮೆ, ಜೊತೆಗೆ ಹುಟ್ಟಿನಿಂದಲೇ ಇರುಳುಗುರುಡು. ಟಿಆರ್‌ಪಿಎಂ1 ಎಂಬ ಆ ಜೀನ್ ಚರ್ಮದ ಬಣ್ಣದ ಜೀವಕೋಶಗಳಲ್ಲೂ ಕೆಲಸ ಮಾಡುತ್ತದೆ, ಅಕ್ಷಿಪಟಲದಲ್ಲೂ ಮಾಡುತ್ತದೆ. ಮಬ್ಬು ಬೆಳಕನ್ನು ಹಿಡಿಯುವ ಕೋಶಗಳು ಸರಿಯಾಗಿಯೇ ಇರುತ್ತವೆ, ಅವು ಕಳಿಸಿದ ಸಂದೇಶ ಮುಂದಿನ ಕೋಶಕ್ಕೆ ದಾಟುವುದಿಲ್ಲ. ಹಗಲಿನಲ್ಲಿ ದೃಷ್ಟಿ ಚೆನ್ನಾಗಿರುತ್ತದೆ. ಇದು ವಯಸ್ಸಿನೊಂದಿಗೆ ಹೆಚ್ಚುವುದಿಲ್ಲ, ಔಷಧಿಯಿಂದ ಹೋಗುವುದೂ ಇಲ್ಲ. ಬಾಲದ ಕೂದಲನ್ನು ಬೇರುಸಹಿತ ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದೆವು. ಎರಡೂ ಪ್ರತಿಗಳಿವೆ ಎಂದು ಉತ್ತರ ಬಂತು. ಬೆಲೆ ಕಡಿಮೆ ಮಾಡಿಸಿದ ಆ ಬಿಳಿ ಮೈಯೇ ಎಲ್ಲವನ್ನೂ ಹೇಳುತ್ತಿತ್ತು. ಓದಲು ನನಗೆ ಬರುತ್ತಿರಲಿಲ್ಲ.

ಆಮೇಲೆ ಮಾಡಿದ್ದು ಸಣ್ಣ ಕೆಲಸಗಳು. ಲಾಯದಲ್ಲಿ ರಾತ್ರಿಯಿಡೀ ಒಂದು ದೀಪ ಉರಿಸಿದೆವು. ನೀರಿನ ತೊಟ್ಟಿಯ ಜಾಗ ಬದಲಿಸಲಿಲ್ಲ. ಹೊತ್ತು ಮುಳುಗುವ ಮುಂಚೆ ಒಳಗೆ ಕಟ್ಟುತ್ತಿದ್ದೆವು. ಹತ್ತಿರ ಹೋಗುವಾಗ ಮೊದಲು ಹೆಸರು ಹಿಡಿದು ಕರೆಯುತ್ತಿದ್ದೆ. ಚಳಿಗಾಲದಲ್ಲಿ ಶನಿವಾರ, ಭಾನುವಾರದ ಹಗಲು ಮಾತ್ರ ಸವಾರಿ. ಮುತ್ತು ಮತ್ತೆ ಜೂನ್ ತಿಂಗಳ ಮುತ್ತು ಆದಳು. ಗೇಟಿನ ಹತ್ತಿರ ಅವಳು ನಿಂತದ್ದು ಮೊಂಡುತನವಲ್ಲ, ತನ್ನನ್ನೂ ನನ್ನನ್ನೂ ಬೀಳದಂತೆ ಉಳಿಸುವ ಎಚ್ಚರ. ಆದರೆ ಚಾಟಿ ಕಂಡರೆ ಬೆದರುವುದು ಅವಳಿಗೆ ಕೊನೆಯವರೆಗೂ ಹೋಗಲಿಲ್ಲ. ಅದು ತಳಿಯಿಂದ ಬಂದ ಗುಣವಲ್ಲ, ನಾನು ಕಲಿಸಿದ್ದು.

ಅಪಲೂಸಾ ಕೊಳ್ಳುವ ಯೋಗ ನಿಮಗೆ ಎಲ್ಲಾದರೂ ಬಂದರೆ ಬೆಳಿಗ್ಗೆ ಒಮ್ಮೆ, ಮುಸ್ಸಂಜೆ ಒಮ್ಮೆ ಹೋಗಿ ನೋಡಿ. ಕಣ್ಣನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ಬರುವ ಕಣ್ಣಿನ ಉರಿಯೂತ ಈ ತಳಿಗೆ ಹೆಚ್ಚು, ಅಲಕ್ಷಿಸಿದರೆ ಹಗಲಿನ ದೃಷ್ಟಿಯೂ ಹೋಗುತ್ತದೆ. ಮೂತಿಯ ಗುಲಾಬಿ ಚರ್ಮ ಬಿಸಿಲಿಗೆ ಸುಡುತ್ತದೆ. ಆಮೇಲೆ ಸ್ವಭಾವದ ಮಾತು.

ಭಾರತಕ್ಕೆ ಹೊರಡುವಾಗ ಮುತ್ತುವನ್ನು ಪಲೂಸ್‌ನ ರೈತ ಮಹಿಳೆಯೊಬ್ಬರಿಗೆ ಕೊಟ್ಟೆ. ಅವರು ಹಗಲಿಡೀ ಹೊಲದಲ್ಲೇ ಇರುವವರು. ಕಾಗದಪತ್ರದ ಮೇಲೆ ಒಂದು ಚೀಟಿ ಅಂಟಿಸಿದ್ದೆ: ‘ಕತ್ತಲಲ್ಲಿ ಇವಳಿಗೆ ಕಣ್ಣು ಕಾಣಿಸುವುದಿಲ್ಲ. ನಿಂತರೆ ಹೊಡೆಯಬೇಡಿ.’

ಈಗ ಪುಣೆಯಲ್ಲಿ ಭಾನುವಾರ ಬೆಳಿಗ್ಗೆ ಮಗಳನ್ನು ಸವಾರಿ ಕಲಿಯಲು ಕರೆದೊಯ್ಯುತ್ತೇನೆ. ಕಳೆದ ತಿಂಗಳು ಅವಳ ಕುದುರೆ ಒಂದು ಮೂಲೆಯಲ್ಲಿ ನಿಂತುಬಿಟ್ಟಿತು. ಹುಡುಗನೊಬ್ಬ ಕೋಲು ತರಲು ಹೊರಟ. ಮಗಳು ಇಳಿದು ಅವನನ್ನು ತಡೆದು, ಮೊದಲು ಆ ಮೂಲೆಯಲ್ಲಿ ಏನಿದೆ ಎಂದು ನೋಡಲು ಹೋದಳು. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲವೊಂದು ಬೇಲಿಗೆ ಸಿಕ್ಕಿಕೊಂಡಿತ್ತು.