ಮಕ್ಕಳಿಗೆ ಲ್ಯಾಪರೋಸ್ಕೋಪಿ: ಹಳ್ಳಿಗೇಕೆ ದೂರ?

“ಡಾಕ್ಟ್ರೇ, ಪ್ಯಾಟೇಲಿ ಹೊಟ್ಟೆ ಕುಯ್ಯದೇನೆ ಆಪರೇಷನ್ ಮಾಡ್ತಾರಂತೆ. ನನ್ ಮಗನಿಗೂ ಹಂಗೇ ಮಾಡಿಸ್ತೀನಿ. ಒಂದು ವಾರ ತಡೆದು, ದುಡ್ಡು ಹೊಂದಿಸ್ಕೊಂಡು ಹೋದ್ರೆ ಆಗಲ್ವಾ?”

ಕತ್ತಲಗೆರೆ ಕಡೆಯಿಂದ ಬಂದಿದ್ದ, ಅಡಿಕೆ ಸುಲಿಯುವ ಕೂಲಿಗೆ ಹೋಗುವ ತಾಯಿಯ ಪ್ರಶ್ನೆಯಿದು. ಒಂಬತ್ತು ವರ್ಷದ ಮಗ ಹೊಟ್ಟೆ ಹಿಡಿದು ಮುದುಡಿ ಮಲಗಿದ್ದ. ಅವನಿಗೆ ಅಪೆಂಡಿಸೈಟಿಸ್ ಆಗಿತ್ತು. ಒಂದು ವಾರವಲ್ಲ, ಒಂದು ದಿನ ಕಾಯುವುದೂ ಅಪಾಯವಾಗಿತ್ತು. ಅಂದೇ ದಾವಣಗೆರೆಗೆ ಕಳುಹಿಸಿದೆ. ಅಲ್ಲಿ ಆ ರಾತ್ರಿ ಹೊಟ್ಟೆ ಕುಯ್ದೇ ಶಸ್ತ್ರಚಿಕಿತ್ಸೆ ಮಾಡಿದರು. ಹುಡುಗ ಗುಣವಾದ.

ಏನಿದು ಲ್ಯಾಪರೋಸ್ಕೋಪಿ?

ಹೊಟ್ಟೆಯಲ್ಲಿ ಎರಡು-ಮೂರು ಸಣ್ಣ ರಂಧ್ರ ಮಾಡಿ, ಇಂಗಾಲದ ಡೈ ಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಪುಟ್ಟ ಕ್ಯಾಮೆರಾದಿಂದ ಒಳಗೆ ನೋಡುತ್ತಾ ನಡೆಸುವ ಶಸ್ತ್ರಚಿಕಿತ್ಸೆ. ಜರ್ಮನಿಯ ಕುರ್ಟ್ ಸೆಮ್ 1980ರಲ್ಲಿ ಹೀಗೆ ಅಪೆಂಡಿಕ್ಸ್ ತೆಗೆದು ತೋರಿಸಿದರು. ಇದರಲ್ಲಿ ನೋವು ಕಡಿಮೆ, ಗಾಯ ಕೀವಾಗುವುದು ಕಡಿಮೆ, ಮಗು ಬೇಗ ಮನೆಗೆ ಬರುತ್ತದೆ. ಆಸ್ಪತ್ರೆಯಲ್ಲಿ ಕಳೆಯುವ ಒಂದೊಂದು ದಿನಕ್ಕೂ ಕೂಲಿ ಕಳೆದುಕೊಳ್ಳುವ ತಾಯಿಗೇ ಇದರ ಲಾಭ ಹೆಚ್ಚು ಬೇಕು. ಆದರೆ ಆಕೆಗೇ ಇದು ದೂರ.

ಕಾರಣವೇನು?

ಯಂತ್ರವೊಂದಿದ್ದರೆ ಸಾಲದು. ಮಕ್ಕಳ ಹೊಟ್ಟೆಯಲ್ಲಿ ಜಾಗ ಕಡಿಮೆ. 3 ಅಥವಾ 5 ಮಿಲಿಮೀಟರಿನ ಉಪಕರಣಗಳು ಬೇಕು. ತುಂಬಿದ ಅನಿಲ ಉಸಿರಾಟಕ್ಕೆ ತೊಡಕಾಗುವುದರಿಂದ ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದ ತಜ್ಞರು ಬೇಕು. ಇದರಲ್ಲಿ ತರಬೇತಿ ಪಡೆದ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು ಹೆಚ್ಚಾಗಿ ದೊಡ್ಡ ಊರುಗಳಲ್ಲೇ ಇದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇವೆಲ್ಲ ಒಟ್ಟಿಗೆ ಸಿಗುವುದು ಅಪರೂಪ.

ಕಾಯಬಾರದ ಕಾಯಿಲೆ

ಹೊಕ್ಕಳ ಸುತ್ತ ಶುರುವಾದ ನೋವು ಬಲ ಕಿಬ್ಬೊಟ್ಟೆಗೆ ಇಳಿದರೆ, ಜೊತೆಗೆ ವಾಂತಿ, ಜ್ವರವಿದ್ದು ಊಟ ಸೇರದಿದ್ದರೆ ತಡಮಾಡಬೇಡಿ. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು ಅಪಾಯ. ಜೋರಾಗಿದ್ದ ನೋವು ತಟ್ಟನೆ ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ, ಅಪೆಂಡಿಕ್ಸ್ ಒಡೆದಿರಬಹುದು. ತಡವಾಗಿ ಆಗುವ ಲ್ಯಾಪರೋಸ್ಕೋಪಿಗಿಂತ ಸಕಾಲದಲ್ಲಿ ಹೊಟ್ಟೆ ಕುಯ್ದು ಮಾಡುವುದೇ ಮೇಲು.

ತಜ್ಞರನ್ನೇ ಹುಡುಕಬೇಕಾದ ಕಾಯಿಲೆ

ಗಂಡುಮಗುವಿನ ವೃಷಣ ಚೀಲಕ್ಕೆ ಇಳಿಯದೆ, ವೈದ್ಯರ ಕೈಗೂ ಸಿಗದಿದ್ದರೆ ಅದನ್ನು ಹುಡುಕಲು ಲ್ಯಾಪರೋಸ್ಕೋಪಿಯೇ ಉತ್ತಮ. ಆರು ತಿಂಗಳಾದರೂ ಇಳಿಯದಿದ್ದರೆ ತೋರಿಸಿ. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಬಿಟ್ಟರೆ ಮುಂದೆ ಸಂತಾನಶಕ್ತಿ ಕುಂದಬಹುದು, ಕ್ಯಾನ್ಸರಿನ ಸಂಭವವೂ ಹೆಚ್ಚು. ನಾಚಿಕೆಯಿಂದ ಮುಚ್ಚಿಟ್ಟು, ಹುಡುಗ ಶಾಲೆಗೆ ಸೇರಿದ ಮೇಲೆ ಕರೆತರುವವರೇ ನಮ್ಮಲ್ಲಿ ಹೆಚ್ಚು.

ಖರ್ಚಿಗೆ ದಾರಿ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬರುತ್ತದೆ. ಮಗುವಿನ ತೊಂದರೆಯನ್ನು ಅವರಿಗೆ ಬಿಡಿಸಿ ಹೇಳಿ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ತುರ್ತು ಇಲ್ಲದಾಗ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಕೇಳಿ ಪಡೆಯಿರಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರದ್ದೇ.

ಆದರೆ ಬಸ್ಸಿನ ಖರ್ಚು, ಹೋದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು ಮತ್ತು ಅವರಿಗೆ ಬೇಕಾದ ಸಣ್ಣ ಉಪಕರಣಗಳು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಬೇಕೆಂದು ಕೇಳುವುದು ನಮ್ಮೆಲ್ಲರ ಹಕ್ಕು.