ಶ್ವಾಸನಾಳ ಸಡಿಲಿಸುವ ಸಸ್ಯಗಳು ಮತ್ತು ಔಷಧಗಳು: ಕೃಷಿಕರು ತಿಳಿದಿರಬೇಕಾದ ಸಂಗತಿಗಳು

ಸುಗ್ಗಿಯ ದಿನಗಳಲ್ಲಿ ರಾಗಿ, ಭತ್ತ, ತೊಗರಿಗಳ ಒಕ್ಕಣೆಯಿಂದ ಏಳುವ ಧೂಳು, ಬಣವೆಯೊಳಗಿನ ಬೂಷ್ಟು, ಬದುಗಳಲ್ಲಿ ಹೂಬಿಟ್ಟ ಪಾರ್ಥೇನಿಯಂ ಕಳೆಯ ಪರಾಗ, ಇವೆಲ್ಲ ಕೃಷಿಕರಲ್ಲಿ ಉಬ್ಬಸವನ್ನು ಕೆರಳಿಸಬಲ್ಲವು. ಔಷಧೀಯ ಸಸ್ಯಗಳ ಕೃಷಿ ಕುರಿತ ತರಬೇತಿಗಳಲ್ಲಿ ರೈತ ಬಾಂಧವರಿಂದ ಒಂದು ಪ್ರಶ್ನೆ ಬಾರದೆ ಇರುವುದು ಅಪರೂಪ: “ಬೇಲಿಯಲ್ಲಿಯೇ ಆಡುಸೋಗೆ ಇರುವಾಗ ಇನ್ಹೇಲರ್ ಏಕೆ ಬೇಕು?” ಪ್ರಶ್ನೆ ಅಸಂಬದ್ಧವೇನಲ್ಲ. ಉಬ್ಬಸಕ್ಕೆ ಇಂದು ಬಳಕೆಯಲ್ಲಿರುವ ಹಲವು ಔಷಧಗಳ ಮೂಲವನ್ನು ಹುಡುಕಿಕೊಂಡು ಹೋದರೆ ಯಾವುದಾದರೊಂದು ಗಿಡದ ಬುಡವನ್ನೇ ತಲಪುತ್ತೇವೆ. ಆದರೆ ಗಿಡಕ್ಕೂ ಅದರಿಂದ ಹುಟ್ಟಿದ ಔಷಧಕ್ಕೂ ಇರುವ ಅಂತರವನ್ನು ಅರಿಯದಿದ್ದರೆ ಪ್ರಾಣಾಪಾಯವಾಗಬಹುದು. ಬೇಸಾಯಶಾಸ್ತ್ರದವನಾದ ನಾನು ಚಿಕಿತ್ಸೆಯನ್ನು ಸೂಚಿಸಲಾರೆ. ಚಿಕಿತ್ಸೆ ವೈದ್ಯರಿಗೆ ಸೇರಿದ್ದು. ಗಿಡದ ಗುಣ ಮತ್ತು ಕೀಟನಾಶಕದ ಗುಣ, ಇವೆರಡನ್ನು ವಿವರಿಸುವುದಷ್ಟೇ ಈ ಲೇಖನದ ಉದ್ದೇಶ.

ಶ್ವಾಸನಾಳ ಬಿಗಿಯುವ ಬಗೆ

ಶ್ವಾಸನಾಳವು ಶ್ವಾಸಕೋಶದೊಳಗೆ ಮರದ ರೆಂಬೆಗಳಂತೆ ಕವಲೊಡೆಯುತ್ತ ಹೋಗುತ್ತದೆ. ಕವಲುಗಳ ಗೋಡೆಯನ್ನು ಸುತ್ತುವರಿದಿರುವ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸ್ರವಿಸಿದಾಗ ಅದು ಬಿಗಿಯುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಏರಿದಾಗ ಸಡಿಲಗೊಳ್ಳುತ್ತದೆ. ಉಬ್ಬಸದಲ್ಲಿ ಈ ಸ್ನಾಯು ಬಿಗಿಯುವುದರ ಜೊತೆಗೆ ನಾಳದ ಒಳಪದರ ಊದಿಕೊಳ್ಳುತ್ತದೆ, ಅಂಟಾದ ಕಫವೂ ತುಂಬಿಕೊಳ್ಳುತ್ತದೆ. ಶ್ವಾಸನಾಳ ಸಡಿಲಿಸುವ ಔಷಧಗಳು ಸರಿಪಡಿಸುವುದು ಸ್ನಾಯುವಿನ ಬಿಗಿತವನ್ನು ಮಾತ್ರ. ಊತ ಹಾಗೆಯೇ ಉಳಿದರೆ ಉಬ್ಬಸ ಮರುಕಳಿಸುತ್ತದೆ. ಈ ಕಾರಣದಿಂದಲೇ ವೈದ್ಯರು ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರನ್ನು ನಿತ್ಯ ಬಳಸಲು ಹೇಳುವುದು. ಉಸಿರು ಸರಾಗವಾಯಿತೆಂದು ಅದನ್ನು ನಿಲ್ಲಿಸಿ, ಕಟ್ಟಿದಾಗ ಮಾತ್ರ ಸಡಿಲಿಸುವ ಔಷಧವನ್ನು ಸೇದುತ್ತಿರುವುದು ಹಳ್ಳಿ, ಪಟ್ಟಣ ಎರಡರಲ್ಲೂ ಕಂಡುಬರುವ ರೂಢಿ, ಅದು ಅಪಾಯಕಾರಿ.

ಆಡುಸೋಗೆಯ ಸಾಮರ್ಥ್ಯ ಮತ್ತು ಮಿತಿ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಆಡುಸೋಗೆಯೇ ಅಪವಾದ. ದನಕರು, ಆಡುಕುರಿಗಳು ಮುಟ್ಟದ ಕಾರಣ ಇದು ಉತ್ತಮ ಜೀವಂತ ಬೇಲಿಯಾಗುತ್ತದೆ. ಇದರ ಸೊಪ್ಪು ಭತ್ತದ ಗದ್ದೆಗೆ ಹಸಿರೆಲೆ ಗೊಬ್ಬರವಾಗಿಯೂ ಬಳಕೆಯಲ್ಲಿದೆ. ಬೀಜ ಕಟ್ಟುವುದು ಕಡಿಮೆಯಾದ್ದರಿಂದ 15ರಿಂದ 20 ಸೆಂ.ಮೀ. ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ಬಲಿತ ಕಾಂಡದ ತುಂಡುಗಳಿಂದ ಸಸ್ಯಾಭಿವೃದ್ಧಿ ಮಾಡುವುದು ಸೂಕ್ತ. ಮುಂಗಾರಿನ ಆರಂಭದಲ್ಲಿ ನೆಟ್ಟರೆ ಸುಲಭವಾಗಿ ಬೇರೂರುತ್ತವೆ. ಮಾರಾಟದ ಉದ್ದೇಶವಿದ್ದಲ್ಲಿ ಎಲೆಗಳನ್ನು ನೆರಳಿನಲ್ಲಿ ಒಣಗಿಸಬೇಕು; ಬೂಷ್ಟು ಹಿಡಿದ ಎಲೆಗೆ ಬೆಲೆಯಿಲ್ಲ.

ಎಲೆಯಲ್ಲಿರುವ ಮುಖ್ಯ ಸಸ್ಯಕ್ಷಾರ ವ್ಯಾಸಿಸಿನ್. ಇದೂ, ಇದು ಉತ್ಕರ್ಷಣೆಗೊಂಡು ಉಂಟಾಗುವ ವ್ಯಾಸಿಸಿನೋನ್ ಕೂಡ ಶ್ವಾಸನಾಳವನ್ನು ಸಡಿಲಿಸುವ ಗುಣ ತೋರಿರುವುದು ಪ್ರಯೋಗಾಲಯದಲ್ಲಿ ದಾಖಲಾಗಿದೆ. ವ್ಯಾಸಿಸಿನ್ ಅಣುವಿನ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಔಷಧ ರೂಪುಗೊಂಡು 1963ರಲ್ಲಿ ಬಳಕೆಗೆ ಬಂತು. ಕೆಮ್ಮಿನ ಸಿರಪ್‌ಗಳಲ್ಲಿರುವ ಆಂಬ್ರಾಕ್ಸಾಲ್ ಅದರದೇ ಮರಿ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎರಡು ಔಷಧಗಳ ಕೆಲಸ ಕಫವನ್ನು ತೆಳುವಾಗಿಸುವುದೇ ಹೊರತು ಶ್ವಾಸನಾಳವನ್ನು ಸಡಿಲಿಸುವುದಲ್ಲ. ಆಡುಸೋಗೆಯ ಕಷಾಯದಿಂದ ಕಟ್ಟಿದ ಕಫ ಸಡಿಲಾಗುತ್ತದೆ ಎಂಬ ಹಿರಿಯರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತನಾಡಲೂ ಆಗದಷ್ಟು ಉಸಿರು ಕಟ್ಟಿದವರಿಗೆ ಕಷಾಯ ಕಾಯಿಸುತ್ತ ಕೂರುವುದು ಸಲ್ಲದು. ವ್ಯಾಸಿಸಿನ್ ಗರ್ಭಾಶಯದ ಸ್ನಾಯುವನ್ನು ಸಂಕುಚಿಸುವ ಗುಣವನ್ನೂ ಹೊಂದಿದೆ. ಆದ್ದರಿಂದ ಗರ್ಭಿಣಿಯರು ಇದನ್ನು ಸೇವಿಸಬಾರದು. ಮಹಿಳಾ ಸ್ವಸಹಾಯ ಸಂಘಗಳಿಗೆ ಆಡುಸೋಗೆಯ ಪುಡಿ ತಯಾರಿಸಲು ಕಲಿಸುವ ವಿಸ್ತರಣಾ ಕಾರ್ಯಕರ್ತರು ಈ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸುವಂತೆ ತಿಳಿಸಬೇಕು.

ಹೆಸರಿನ ಗೊಂದಲವನ್ನೂ ಹೇಳಿಬಿಡಬೇಕು. ‘ಆಡುಮುಟ್ಟದ ಬಳ್ಳಿ’ ಎಂಬುದು ಬೇರೆಯದೇ ಸಸ್ಯ. ಅದನ್ನೂ ಉಬ್ಬಸಕ್ಕೆ ಹೇಳುವುದುಂಟು. ಎಲೆ ಜಗಿದವರಿಗೆ ಬಾಯಿ ಹುಣ್ಣು, ವಾಂತಿ ಕಾಣಿಸಿಕೊಳ್ಳಬಹುದು. ಸೊಪ್ಪು ಕೊಯ್ಯುವ ಮೊದಲು ಅದು ಪೊದೆಯೋ ಬಳ್ಳಿಯೋ ನೋಡಿಕೊಳ್ಳಿ.

ಚಹಾ, ಕಾಫಿ, ಎಫೆಡ್ರಾ

ಚಹಾ ಎಲೆಯಿಂದ ಥಿಯೋಫಿಲಿನ್ ಎಂಬ ಪದಾರ್ಥವನ್ನು ಜರ್ಮನಿಯ ಆಲ್ಬ್ರೆಕ್ಟ್ ಕಾಸೆಲ್ 1888ರಲ್ಲಿ ಪ್ರತ್ಯೇಕಿಸಿದರು. ಮುಂದೆ ಅದು ಉಬ್ಬಸದ ಮಾತ್ರೆಯಾಯಿತು. ಒಂದು ಲೋಟ ಚಹಾದಲ್ಲಿರುವ ಪ್ರಮಾಣ ಚಿಕಿತ್ಸೆಗೆ ಏನೇನೂ ಸಾಲದು. ಮಾತ್ರೆಯಲ್ಲಿಯಾದರೋ ಗುಣ ನೀಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಅತಿ ಕಡಿಮೆ. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಯಲ್ಲಿರುವ ಕೆಫೀನ್ ಇದರ ಹತ್ತಿರದ ಬಂಧು. ಕಾಫಿ ಕುಡಿದ ಮೇಲೆ ಕೆಲವು ತಾಸು ಶ್ವಾಸನಾಳ ತುಸು ಹಿಗ್ಗುವುದು ನಿಜ. ಉಸಿರಾಟದ ಪರೀಕ್ಷೆಗೆ ಮುನ್ನ ಕಾಫಿ ಕುಡಿಯಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳುವುದು ಇದಕ್ಕಾಗಿಯೇ. ಇಷ್ಟರಿಂದ ಕಾಫಿಯನ್ನು ಔಷಧವೆನ್ನಲಾಗದು.

ಎಫೆಡ್ರಾ ನಮ್ಮ ನಾಡಿನ ಗಿಡವಲ್ಲ. ಹಿಮಾಲಯದ ಒಣ ಪ್ರದೇಶಗಳಲ್ಲಿಯೂ ಚೀನಾದಲ್ಲಿಯೂ ಬೆಳೆಯುತ್ತದೆ. ಅದರ ಎಫೆಡ್ರಿನ್ ಅಡ್ರಿನಲಿನ್‌ನಂತೆ ವರ್ತಿಸುತ್ತದೆ. ಶ್ವಾಸನಾಳದ ಜೊತೆಗೆ ಹೃದಯವನ್ನೂ ಓಡಿಸುವುದು, ರಕ್ತದೊತ್ತಡ ಏರಿಸುವುದು ಅದರ ದೋಷ. ಈ ದೋಷವನ್ನು ತಗ್ಗಿಸಲು ವಿಜ್ಞಾನಿಗಳು ಅಡ್ರಿನಲಿನ್ ಅಣುವನ್ನೇ ತಿದ್ದುತ್ತ ಬಂದು, 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಸಾಲ್‌ಬುಟಮಾಲ್ ತಯಾರಿಸಿದರು. ಸೇದಿದ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುವ ಇದರ ಪರಿಣಾಮ 4ರಿಂದ 6 ತಾಸು ಉಳಿಯುತ್ತದೆ. ‘ಇನ್ಹೇಲರ್ ಚಟವಾಗುತ್ತದೆ, ಮಾತ್ರೆಯೇ ವಾಸಿ’ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿ ಬೇರೂರಿದೆ. ಲೆಕ್ಕ ನೋಡಿ: ಒಂದು ಸಲ ಒತ್ತಿದಾಗ ಬರುವ ಸಾಲ್‌ಬುಟಮಾಲ್ ಸಾಮಾನ್ಯವಾಗಿ 100 ಮೈಕ್ರೋಗ್ರಾಂ, ಮಾತ್ರೆಯೊಂದರಲ್ಲಿ 4 ಮಿಲಿಗ್ರಾಂ. ಅಂದರೆ ಒಂದು ಮಾತ್ರೆ 40 ಬಾರಿ ಒತ್ತಿದ್ದಕ್ಕೆ ಸಮ, ಅದೂ ಮೈಯೆಲ್ಲ ಸುತ್ತಿ ಬರುತ್ತದೆ. ಬೆಳೆಯ ಬುಡಕ್ಕೆ ಹನಿಹನಿಯಾಗಿ ನೀರು ಕೊಡುವುದಕ್ಕೂ ಹೊಲವಿಡೀ ನೀರು ಹಾಯಿಸುವುದಕ್ಕೂ ಇರುವ ವ್ಯತ್ಯಾಸವಿದು.

ಉಮ್ಮತ್ತಿ ಮತ್ತು ಕೀಟನಾಶಕ

ಉಮ್ಮತ್ತಿಯ ಒಣ ಎಲೆಯ ಹೊಗೆ ಸೇದಿ ಉಬ್ಬಸ ಶಮನಗೊಳಿಸುವ ಪದ್ಧತಿ ಭಾರತದಲ್ಲಿ ಹಳೆಯದು. 19ನೇ ಶತಮಾನದ ಆರಂಭದಲ್ಲಿ ಇದು ಮದರಾಸಿನಿಂದ ಬ್ರಿಟನ್ನಿಗೆ ಹೋಗಿ ಅಲ್ಲಿ ‘ಅಸ್ತಮಾ ಸಿಗರೇಟು’ ಮಾರಾಟವಾಗುವವರೆಗೂ ಬೆಳೆಯಿತು. ಉಮ್ಮತ್ತಿಯ ಅಟ್ರೋಪಿನ್ ಮತ್ತು ಅದರ ಬಂಧುಗಳು ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಡೆಯುವುದರಿಂದ ಸ್ನಾಯು ಸಡಿಲುತ್ತದೆ. ಆದರೆ ವಿಷದ ಪ್ರಮಾಣ ಗಿಡದಿಂದ ಗಿಡಕ್ಕೆ, ಎಲೆಯಿಂದ ಬೀಜಕ್ಕೆ ಬದಲಾಗುತ್ತದೆ. ಮಿತಿ ಮೀರಿದರೆ ಭ್ರಮೆ, ಜ್ವರ, ನಾಗಾಲೋಟದ ಹೃದಯಬಡಿತ, ಸಾವು. ಅಟ್ರೋಪಿನ್ ಅಣುವನ್ನು ಮಿದುಳಿಗೆ ಸುಲಭವಾಗಿ ಹೋಗದಂತೆ ಮಾರ್ಪಡಿಸಿದ ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಇನ್ಹೇಲರ್‌ಗಳು ಇರುವಾಗ ಉಮ್ಮತ್ತಿಯನ್ನು ಯಾವ ರೂಪದಲ್ಲಿಯೂ ಬಳಸಬಾರದು.

ನನ್ನ ದೃಷ್ಟಿಯಲ್ಲಿ ಕೃಷಿಕರಿಗೆ ಅತಿ ಮುಖ್ಯವಾದ ವಿಷಯ ಇಲ್ಲಿದೆ. ಮಾನೊಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಮುಂತಾದ ರಂಜಕಮೂಲದ ಕೀಟನಾಶಕಗಳು ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಕೀಟ ಸಾಯುವುದು ಹೀಗೆಯೇ. ಮನುಷ್ಯನ ದೇಹದಲ್ಲಿಯೂ ಅದೇ ಆಗುತ್ತದೆ. ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ಶ್ವಾಸನಾಳವನ್ನು ಬಿಗಿಯುತ್ತದೆ, ಎದೆಯಲ್ಲಿ ನೀರಿನಂಥ ಸ್ರಾವ ತುಂಬಿಸುತ್ತದೆ. ಸಿಂಪರಣೆಯ ನಂತರ ಎದೆ ಬಿಗಿದು ಗೊರಗೊರ ಸದ್ದು ಬಂದರೆ ‘ಹಳೆಯ ಉಬ್ಬಸ’ ಎಂದು ಇನ್ಹೇಲರ್ ಕೊಟ್ಟು ಮಲಗಿಸಬೇಡಿ. ಬಾಯಲ್ಲಿ ಜೊಲ್ಲು, ಕಣ್ಣೀರು, ವಿಪರೀತ ಬೆವರು, ವಾಂತಿ, ಸೂಜಿಮೊನೆಯಂತೆ ಕಿರಿದಾದ ಕಣ್ಣಿನ ಪಾಪೆ, ಸ್ನಾಯುಗಳ ಅದುರುವಿಕೆ ಇವೆಯೇ ನೋಡಿ. ಇದ್ದರೆ ಅದು ವಿಷಬಾಧೆ. ಆಗ ಬೇಕಾದದ್ದು ಅಟ್ರೋಪಿನ್ ಚುಚ್ಚುಮದ್ದು ಮತ್ತು ಆಮ್ಲಜನಕ. ಎಷ್ಟು ಬೇಕೆಂಬುದನ್ನು ವೈದ್ಯರು ರೋಗಿಯ ಎದೆಯ ಸದ್ದು ಆಲಿಸುತ್ತ ನಿರ್ಧರಿಸುತ್ತಾರೆ. ಅಟ್ರೋಪಿನ್ ಉಮ್ಮತ್ತಿಯಲ್ಲಿಯೂ ಇದೆಯೆಂದು ಅದರ ಬೀಜ ಅರೆದು ಕುಡಿಸಿದರೆ ಒಂದು ವಿಷದ ಮೇಲೆ ಮತ್ತೊಂದು ವಿಷ ಹಾಕಿದಂತಾಗುತ್ತದೆ.

ಬಾಧಿತರನ್ನು ಗಾಳಿಯಾಡುವ ಜಾಗಕ್ಕೆ ತಂದು, ಒದ್ದೆ ಬಟ್ಟೆ ತೆಗೆದು, ಮೈ ಮತ್ತು ತಲೆಗೂದಲನ್ನು ಸೋಪು ನೀರಿನಿಂದ ತೊಳೆಯಬೇಕು. ತೊಳೆಯುವವರು ರಬ್ಬರ್ ಕೈಗವಸು ಧರಿಸಿರಬೇಕು. ವಾಂತಿ ಮಾಡಿಸುವುದು, ಹಾಲು ಮಜ್ಜಿಗೆ ಕುಡಿಸುವುದು ಬೇಡ. 108ಕ್ಕೆ ಕರೆ ಮಾಡಿ, ಕೀಟನಾಶಕದ ಡಬ್ಬಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಿರಿ. ಪ್ರತಿವಿಷದ ವಿವರ ಅದರ ಮೇಲೆ ಅಥವಾ ಜೊತೆಯ ಕರಪತ್ರದಲ್ಲಿ ಇರುತ್ತದೆ. ಡಬ್ಬಿ ಗ್ರಾಮದ ಹೊರಗಿನ ಹೊಲದಲ್ಲಿಯೇ ಉಳಿದುಹೋಗಿದ್ದರೆ ಲೇಬಲ್ಲಿನ ಫೋಟೋ ತರಿಸಿಕೊಂಡರೂ ಸಾಕು, ಅದಕ್ಕಾಗಿ ಹೊರಡುವುದನ್ನು ತಡಮಾಡಬೇಡಿ. ಮೊದಲೇ ಉಬ್ಬಸವಿರುವ ಕಾರ್ಮಿಕರಿಗೆ ಸಿಂಪರಣೆಯ ಕೆಲಸ ಹಚ್ಚಬಾರದು. ಸಿಂಪರಣಾ ತರಬೇತಿಯ ನೋಂದಣಿಯ ವೇಳೆಯಲ್ಲಿಯೇ ಈ ಒಂದು ಪ್ರಶ್ನೆಯನ್ನು ವಿಸ್ತರಣಾ ಕಾರ್ಯಕರ್ತರು ಕೇಳಿಕೊಳ್ಳುವುದು ಒಳಿತು.