ಬೆನ್ನು ನೋವು: ಲಟಕ್ ಎಂದರೆ ವಾಸಿಯಾಯಿತೇ?

ಬೆನ್ನು ನೋವು ಯಾರನ್ನು ತಾನೇ ಬಿಟ್ಟಿದೆ? ಕಾಸರಗೋಡಿನ ಹಳ್ಳಿಗಳಲ್ಲಿ ಅಡಿಕೆ ಗೋಣಿ ಎತ್ತಿದವರು, ಇಡೀ ದಿನ ಕುಳಿತು ಅಡಿಕೆ ಸುಲಿದವರು, ಮಡಿಲಲ್ಲಿ ಮೊರವಿಟ್ಟು ಬೀಡಿ ಕಟ್ಟುವ ಹೆಂಗಸರು, ದಿನವೂ ಬಸ್ಸಿನಲ್ಲಿ ನಿಂತು ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ನೌಕರರು, ಎಲ್ಲರದ್ದೂ ಒಂದೇ ದೂರು: "ಸೊಂಟ ಹಿಡಿದುಕೊಂಡಿದೆ." ಹಿಂದೆ ಇಂತಹವರು ಊರಿನ ಉಳುಕು ತೆಗೆಯುವವರ ಬಳಿ ಹೋಗಿ ಎಣ್ಣೆ ಹಚ್ಚಿಸಿ ನೀವಿಸಿಕೊಳ್ಳುತ್ತಿದ್ದರು. ಈಗ ಮೊಬೈಲಿನಲ್ಲಿ ಇನ್ನೊಂದು ದೃಶ್ಯ ಕಾಣಿಸುತ್ತದೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಸೊಂಟವನ್ನೋ ಕುತ್ತಿಗೆಯನ್ನೋ ಹಿಡಿದು ಒಂದೇ ತಿರುವು. ಲಟಕ್ ಎಂಬ ಶಬ್ದ. ರೋಗಿ ನಗುತ್ತಾ ಎದ್ದು ಹೋಗುತ್ತಾನೆ.

ಇದಕ್ಕೆ ಕೈರೋಪ್ರಾಕ್ಟಿಕ್ ಎಂದು ಹೆಸರು. ಆ ದೃಶ್ಯ ನೋಡಿದ ಮೇಲೆ "ನನ್ನ ಬೆನ್ನಿಗೂ ಹೀಗೆ ಮಾಡಿಸಬಹುದೇ?" ಎಂದು ಕೇಳುವವರು ಹೆಚ್ಚಿದ್ದಾರೆ. ಕೆಲವರಿಗೆ ಮಾಡಿಸಬಹುದು, ಕೆಲವರಿಗೆ ಬೇಡವೇ ಬೇಡ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಬೆನ್ನಿನ ಮೇಲೆ ಯಾರದೇ ಕೈ ಬೀಳುವ ಮೊದಲು ತಿಳಿದಿರಬೇಕು. ರೋಗಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮತ್ತು ಅವುಗಳ ಉತ್ತರ ಇಲ್ಲಿವೆ.

ಏನಿದು ಕೈರೋಪ್ರಾಕ್ಟಿಕ್?

ಕೈಯಿಂದ ಮಾಡುವ ಕೆಲಸ ಎಂಬ ಅರ್ಥದ ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನಲ್ಲಿ 1895ರಲ್ಲಿ ಡಿ.ಡಿ. ಪಾಮರ್ ಎಂಬಾತ ಇದನ್ನು ಆರಂಭಿಸಿದ. ಕಿವಿ ಕೇಳದ ಒಬ್ಬ ಕೆಲಸಗಾರನ ಬೆನ್ನೆಲುಬನ್ನು ಒತ್ತಿ ಸರಿಪಡಿಸಿದೆ, ಅವನಿಗೆ ಕಿವಿ ಕೇಳಿಸಿತು ಎಂಬುದು ಪಾಮರ್ ಹೇಳಿದ ಕಥೆ. ಬೆನ್ನೆಲುಬಿನ ಮಣಿಗಳು ಸ್ಥಾನ ತಪ್ಪುವುದೇ ಹೆಚ್ಚಿನ ರೋಗಗಳ ಮೂಲ ಎಂದು ಆತ ನಂಬಿದ್ದ.

ಆ ಮೂಲ ಸಿದ್ಧಾಂತ ವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರ್‌ಗಳನ್ನು ನಿಯಂತ್ರಿಸುವ ಮಂಡಳಿಯೇ 2010ರಲ್ಲಿ, ಈ 'ಸ್ಥಾನಪಲ್ಲಟ' ರೋಗಗಳಿಗೆ ಕಾರಣ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಹೇಳಿತು. ಆದ್ದರಿಂದ ಬೆನ್ನು ತಿರುಗಿಸಿ ಅಸ್ತಮಾ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಗುಣಪಡಿಸುತ್ತೇವೆ ಎನ್ನುವವರಿಂದ ದೂರವಿರುವುದೇ ಲೇಸು. ಆದರೆ ಸಿದ್ಧಾಂತ ಬಿದ್ದರೂ ಕೈಚಳಕ ಉಳಿಯಿತು. ಬೆನ್ನು ನೋವಿನ ಮಟ್ಟಿಗೆ ಅದರಿಂದ ಸ್ವಲ್ಪ ಪ್ರಯೋಜನವಿದೆ ಎಂಬುದನ್ನು ವೈದ್ಯಲೋಕವೂ ಒಪ್ಪಿದೆ.

ಬೆನ್ನಿನ ಮೂಳೆ ಜಾರುತ್ತದೆಯೇ?

ಬೆನ್ನೆಲುಬಿನಲ್ಲಿ 33 ಮಣಿಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅದರ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಮಣಿಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳು. ಸುತ್ತ ಬಲವಾದ ಕಟ್ಟುಗಳು, ಸ್ನಾಯುಗಳು. ಅಂಗಡಿಯ ಕಪಾಟಿನಿಂದ ಡಬ್ಬ ಜಾರಿದಂತೆ ಇಲ್ಲಿ ಯಾವುದೂ ಜಾರುವುದಿಲ್ಲ. 'ಡಿಸ್ಕ್ ಜಾರಿದೆ' ಎಂಬುದು ರೂಢಿಯ ಮಾತು. ನಿಜವಾಗಿ ಆಗುವುದೇನೆಂದರೆ, ಡಿಸ್ಕ್‌ನ ಹೊರಪದರ ಬಿರಿದು ಒಳಗಿನ ಮೆದುವಾದ ಭಾಗ ಹೊರಕ್ಕೆ ಉಬ್ಬುತ್ತದೆ. ಅದು ಪಕ್ಕದ ನರಕ್ಕೆ ತಾಗಿದರೆ ನೋವು ಪೃಷ್ಠದಿಂದ ಕಾಲಿಗಿಳಿಯುತ್ತದೆ. ಇದೇ ಸಯಾಟಿಕಾ.

ಇದನ್ನು ಕೈಯಿಂದ ಒಳಕ್ಕೆ ತಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಸಮಾಧಾನದ ಸಂಗತಿಯೆಂದರೆ ಹೊರಬಂದ ಭಾಗವನ್ನು ಎಷ್ಟೋ ವೇಳೆ ದೇಹವೇ ನಿಧಾನವಾಗಿ ಕರಗಿಸುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ನೋವು ಇಳಿಯುತ್ತದೆ. ಇನ್ನು ಸಾಮಾನ್ಯ ಸೊಂಟ ನೋವಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100ರಲ್ಲಿ ಸುಮಾರು 90 ಮಂದಿಯ ಸೊಂಟ ನೋವಿಗೆ ಇಂತಹುದೇ ಎಂದು ತೋರಿಸಬಹುದಾದ ಒಂದು ರೋಗ ಇರುವುದಿಲ್ಲ.

ಲಟಕ್ ಎಂದದ್ದು ಏನು? ಮೂಳೆ ಸರಿಕೂತ ಸದ್ದೇ?

ಅಲ್ಲ. ಬೆರಳಿನ ಲಟಿಕೆ ಮುರಿದಾಗ ಬರುವ ಸದ್ದೇ ಇದು. ಕೀಲಿನ ಒಳಗೆ ಎಣ್ಣೆಯಂತಹ ದ್ರವವಿರುತ್ತದೆ. ಕೀಲನ್ನು ಥಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿದು ಅನಿಲದ ಗುಳ್ಳೆ ಉಂಟಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಎಂ.ಆರ್.ಐ. ಯಂತ್ರದೊಳಗೆ ಬೆರಳಿನ ಲಟಿಕೆ ಮುರಿಸಿ ಇದನ್ನು ಕಣ್ಣಾರೆ ಕಂಡರು. ಒಮ್ಮೆ ಲಟಿಕೆ ಬಂದ ಬೆರಳಿನಲ್ಲಿ ಸುಮಾರು 20 ನಿಮಿಷ ಮತ್ತೆ ಬಾರದಿರುವುದೂ ಈ ಕಾರಣಕ್ಕೇ.

ಆದ್ದರಿಂದ ಸದ್ದು ಜೋರಾಗಿ ಬಂತೆಂದು ಚಿಕಿತ್ಸೆ ಚೆನ್ನಾಯಿತೆಂದು ತಿಳಿಯಬೇಕಿಲ್ಲ. ಸದ್ದು ಬಾರದಿದ್ದರೆ ಇನ್ನಷ್ಟು ಬಲ ಹಾಕುವುದಂತೂ ತಪ್ಪು. ತಿರುವಿದ ಕೂಡಲೇ ಹಗುರವೆನಿಸುವುದು ನಿಜ. ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ. ಆದರೆ ಆ ಹಗುರ ಕಾಯಂ ಅಲ್ಲ.

ಹಾಗಾದರೆ ಗುಣ ಇದೆಯೋ ಇಲ್ಲವೋ?

ಸ್ವಲ್ಪ ಇದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವರದಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಸದಾಗಿ ಬಂದ ಸೊಂಟ ನೋವಿನಲ್ಲಿ ಬೆನ್ನೆಲುಬಿನ ಕೈಚಿಕಿತ್ಸೆಯಿಂದ 100ರ ಅಳತೆಯಲ್ಲಿ ಸುಮಾರು 10 ಅಂಕದಷ್ಟು ನೋವು ಕಡಿಮೆಯಾಗುತ್ತದೆ ಎಂದು ಅದು ಕಂಡುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರತಂದ ಮಾರ್ಗಸೂಚಿಯಲ್ಲೂ ಬಹುಕಾಲದ ಸೊಂಟ ನೋವಿಗೆ ವ್ಯಾಯಾಮ, ತಿಳಿವಳಿಕೆ, ಮಸಾಜ್ ಇವುಗಳ ಜತೆ ಕೈಚಿಕಿತ್ಸೆಗೂ ಜಾಗವಿದೆ. ಗಮನಿಸಬೇಕಾದದ್ದೆಂದರೆ ಅದು ಹಲವು ದಾರಿಗಳಲ್ಲಿ ಒಂದು ಮಾತ್ರ. ಅದೇ ಪವಾಡವಲ್ಲ.

ಹತ್ತು ಸಲ ಬನ್ನಿ, ಮುಂಗಡ ಕಟ್ಟಿ, ಜೀವನಪೂರ್ತಿ ತಿಂಗಳಿಗೊಮ್ಮೆ ಬನ್ನಿ ಎನ್ನುವವರ ಮಾತಿಗೆ ಈ ಮಾರ್ಗಸೂಚಿಯಲ್ಲಿ ಬೆಂಬಲವಿಲ್ಲ. ಮೂರ್ನಾಲ್ಕು ಬಾರಿ ಮಾಡಿಸಿಯೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ ಬೇರೆ ದಾರಿ ನೋಡುವುದು ಜಾಣತನ.

ಕುತ್ತಿಗೆ ತಿರುಗಿಸಿದರೆ ಅಪಾಯವೇ?

ಸೊಂಟದ ಮಾತು ಬೇರೆ, ಕುತ್ತಿಗೆಯ ಮಾತು ಬೇರೆ. ಕುತ್ತಿಗೆಯ ಮಣಿಗಳ ರಂಧ್ರಗಳ ಮೂಲಕವೇ ಮೆದುಳಿಗೆ ಹೋಗುವ ಎರಡು ರಕ್ತನಾಳಗಳು ಹಾದುಹೋಗುತ್ತವೆ. ಥಟ್ಟನೆ ತಿರುಚಿದಾಗ ರಕ್ತನಾಳದ ಒಳಪದರ ಹರಿದು, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಪಾರ್ಶ್ವವಾಯು ಬಡಿಯಬಹುದು. ಇದು ಅಪರೂಪ. ಕೆಲವರಲ್ಲಿ ರಕ್ತನಾಳ ಮೊದಲೇ ಹರಿದಿದ್ದು, ಆ ನೋವಿಗೇ ಅವರು ಚಿಕಿತ್ಸೆಗೆ ಬಂದಿರುವುದೂ ಉಂಟು. ಆದರೆ ಆದಾಗ ನಷ್ಟ ತುಂಬಿಕೊಡಲು ಸಾಧ್ಯವಿಲ್ಲ.

ಇದಕ್ಕೆ ಕೈರೋಪ್ರಾಕ್ಟರ್ ಬಳಿಯೇ ಹೋಗಬೇಕೆಂದಿಲ್ಲ. ಕ್ಷೌರದ ಅಂಗಡಿಯಲ್ಲಿ ತಲೆ ಮಸಾಜ್ ಮಾಡಿ, ಕೊನೆಗೆ ಗದ್ದ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುವ ರೂಢಿ ಎಲ್ಲೆಡೆ ಇದೆ. ಹೀಗೆ ಮಾಡಿಸಿಕೊಂಡ ಬಳ್ಳಾರಿಯ ಯುವಕನೊಬ್ಬನಿಗೆ ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯುವಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಕುತ್ತಿಗೆ ತಿರುವುವುದು ಬೇಡ ಎಂದು ಕುರ್ಚಿಯಲ್ಲಿ ಕೂರುವಾಗಲೇ ಹೇಳಿಬಿಡುವುದು ಒಳ್ಳೆಯದು. ಕುತ್ತಿಗೆ ತಿರುಗಿಸಿದ ಬಳಿಕ ತಲೆಸುತ್ತು, ಮಾತು ತೊದಲುವುದು, ಕಣ್ಣು ಎರಡೆರಡಾಗಿ ಕಾಣುವುದು, ಕೈಕಾಲು ಸೋಲುವುದು, ಹಿಂದೆಂದೂ ಇಲ್ಲದ ತಲೆನೋವು ಕಾಣಿಸಿದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಬೇಕು.

ಯಾರ ಬೆನ್ನನ್ನು ಮುಟ್ಟಲೇಬಾರದು?

ವಿಶ್ವ ಆರೋಗ್ಯ ಸಂಸ್ಥೆ ಕೈರೋಪ್ರಾಕ್ಟಿಕ್‌ನ ಸುರಕ್ಷತೆಯ ಬಗ್ಗೆ 2005ರಲ್ಲಿಯೇ ಒಂದು ಮಾರ್ಗಸೂಚಿ ಪ್ರಕಟಿಸಿದೆ. ಮೂಳೆ ಮುರಿತ, ಗಡ್ಡೆ, ಬೆನ್ನೆಲುಬಿನ ಸೋಂಕು ಇರುವ ಕಡೆ ಬಲಪ್ರಯೋಗ ಸಲ್ಲದು. ಭಾರತದಲ್ಲಿ ಸೋಂಕು ಎಂದಾಗ ಮೊದಲು ನೆನಪಾಗಬೇಕಾದದ್ದು ಕ್ಷಯ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಬೆನ್ನೆಲುಬಿಗೂ ಬರುತ್ತದೆ. ಒಳಗೊಳಗೇ ತಿಂದು ಟೊಳ್ಳಾದ ಮಣಿಯನ್ನು ಉಳುಕೆಂದು ತಿಳಿದು ತಿರುಚಿದರೆ ಅದು ಕುಸಿದು ಬೆನ್ನುಹುರಿಗೆ ಪೆಟ್ಟಾಗಬಹುದು. ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇವು ಸೂಚನೆಗಳು. ಸಕಾಲದಲ್ಲಿ ಗೊತ್ತಾದರೆ ಔಷಧಿಯಿಂದಲೇ ಹೆಚ್ಚಿನವರು ಗುಣವಾಗುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಚಿಕಿತ್ಸೆ ಉಚಿತ.

ಮೂಳೆ ಸವೆದ ವೃದ್ಧರು, ಬಹುಕಾಲ ಸ್ಟಿರಾಯ್ಡ್ ನುಂಗಿದವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಕ್ಯಾನ್ಸರ್ ಆಗಿದ್ದವರು, ಅಡಿಕೆ ಅಥವಾ ತೆಂಗಿನ ಮರದಿಂದ ಬಿದ್ದವರು ವೈದ್ಯರಿಗೆ ತೋರಿಸದೆ ಬೆನ್ನು ಒತ್ತಿಸಿಕೊಳ್ಳಬಾರದು. ಮರದಿಂದ ಬಿದ್ದವರನ್ನಂತೂ ಕೂರಿಸಿ, ಎಬ್ಬಿಸಿ, ನೀವಿ ನೋಡದೆ ಗಟ್ಟಿ ಹಲಗೆಯ ಮೇಲೆ ಅಲುಗಾಡದಂತೆ ಸಾಗಿಸಬೇಕು.

ಯಾವ ನೋವು ಕಾಯುವುದಿಲ್ಲ?

ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೇ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಗಳ ಸಂದು ಹಾಗೂ ಕುಳಿತಾಗ ನೆಲಕ್ಕೆ ತಾಗುವ ಭಾಗ ಜೋಮು ಹಿಡಿಯುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು. ಬೆನ್ನು ನೋವಿನ ಜತೆ ಇವುಗಳಲ್ಲಿ ಒಂದು ಕಂಡರೂ ಅದು ತುರ್ತು ಸ್ಥಿತಿ. ಬೆನ್ನುಹುರಿಯ ತುದಿಯ ನರಗಳ ಗೊಂಚಲು ಅದುಮಿದಾಗ ಹೀಗಾಗುತ್ತದೆ. ಇಲ್ಲಿ ಲೆಕ್ಕ ಗಂಟೆಗಳದ್ದು. ತಡವಾದರೆ ಮೂತ್ರದ ಹಿಡಿತ ಕಾಯಂ ಆಗಿ ತಪ್ಪಬಹುದು. ನಾಚಿಕೆಯಿಂದ ಇದನ್ನು ಮನೆಯವರಿಗೂ ಹೇಳದೆ ಎಣ್ಣೆ ತಿಕ್ಕುತ್ತಾ ಕುಳಿತರೆ ಬೆಲೆ ತೆರಬೇಕಾಗುತ್ತದೆ.

ದೊಡ್ಡ ಆಸ್ಪತ್ರೆಗೆ ಮಂಗಳೂರನ್ನೇ ನೆಚ್ಚಿದ ಗಡಿನಾಡಿನವರಿಗೆ ಗಂಟೆಗಳ ಬೆಲೆ ಚೆನ್ನಾಗಿ ಗೊತ್ತು. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ತಲಪಾಡಿಯ ರಸ್ತೆ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ಯಾವ ನೋವಿಗೆ ಈ ರಾತ್ರಿಯೇ ವಾಹನ ಹಿಡಿಯಬೇಕು, ಯಾವುದಕ್ಕೆ ಎರಡು ವಾರ ಕಾಯಬಹುದು ಎಂಬುದು ತಿಳಿದಿದ್ದರೆ ಅರ್ಧ ಗೆದ್ದಂತೆ.

ಸಪ್ತಭಾಷೆಯ ನಾಡಿನಲ್ಲಿ ನೋವಿಗೂ ಹಲವು ಭಾಷೆ. ಕನ್ನಡದ ಉಳುಕು ಮಲೆಯಾಳದಲ್ಲೂ 'ಉಳುಕ್ಕ್', ಸೊಂಟ ನೋವು 'ನಡುವೇದನ'. ಇವು ವೈದ್ಯರಿಗೆ ಸುಲಭವಾಗಿ ತಿಳಿಯುತ್ತವೆ. ತಪ್ಪುವುದು ಜೋಮು ಎಂಬ ಪದದಲ್ಲಿ. ಮಲೆಯಾಳದಲ್ಲಿ ಮರಗಟ್ಟುವುದಕ್ಕೆ 'ಮರವಿಪ್ಪ್', ಜುಮುಜುಮು ಎನ್ನುವುದಕ್ಕೆ 'ತರಿಪ್ಪ್'. ಬರೀ "ವೇದನ" ಎಂದು ಹೇಳಿ ಮಾತ್ರೆ ಪಡೆದು ಬರುವ ಬದಲು ಈ ಎರಡು ಪದಗಳನ್ನು ಬಾಯಲ್ಲಿಟ್ಟುಕೊಂಡು ಹೋಗುವುದು ಉತ್ತಮ.

ಚಿಕಿತ್ಸೆ ಮಾಡುವವರು ಯಾರು?

ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಕೈರೋಪ್ರಾಕ್ಟರ್ ಆಗಲು ವರ್ಷಗಟ್ಟಲೆ ಓದಬೇಕು, ನೋಂದಾಯಿಸಿಕೊಳ್ಳಬೇಕು. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಕಾನೂನುಬದ್ಧ ಮಂಡಳಿ ಇಲ್ಲ. ಆಯುಷ್ ಪದ್ಧತಿಗಳ ಪಟ್ಟಿಯಲ್ಲೂ ಅದು ಸೇರಿಲ್ಲ. ಹೀಗಾಗಿ ವಿದೇಶದಲ್ಲಿ ಪದವಿ ಪಡೆದು ಬಂದವರೂ, ವಾರಾಂತ್ಯದ ಶಿಬಿರದಲ್ಲಿ ಕಲಿತವರೂ ಒಂದೇ ಬಗೆಯ ಬೋರ್ಡು ಹಾಕಿಕೊಳ್ಳಬಹುದು. ಫಿಸಿಯೋಥೆರಪಿಯ ಸ್ಥಿತಿ ಹಾಗಲ್ಲ. ಅದಕ್ಕೆ ಪದವಿ ಶಿಕ್ಷಣವಿದೆ, 2021ರ ಕೇಂದ್ರ ಕಾನೂನಿನ ವ್ಯಾಪ್ತಿಗೂ ಅದು ಬರುತ್ತದೆ. ಬೆನ್ನಿಗೆ ಕೈಚಿಕಿತ್ಸೆಯನ್ನು ತರಬೇತಿ ಪಡೆದ ಫಿಸಿಯೋಥೆರಪಿಸ್ಟರೂ ಮಾಡುತ್ತಾರೆ.

ಯಾರ ಬಳಿಗೇ ಹೋದರೂ ಕೇಳಬೇಕಾದ ಪ್ರಶ್ನೆ ಮೂರು. ಎಲ್ಲಿ ಎಷ್ಟು ವರ್ಷ ಓದಿದ್ದೀರಿ? ಎಷ್ಟು ಸಲದೊಳಗೆ ಗುಣ ಕಾಣಬೇಕು? ಕಾಣದಿದ್ದರೆ ಯಾರ ಬಳಿ ಕಳಿಸುತ್ತೀರಿ? ಜ್ವರ, ತೂಕ, ಮೂತ್ರ, ಹಳೆಯ ಕಾಯಿಲೆ ಇವಾವುದನ್ನೂ ವಿಚಾರಿಸದೆ ನೇರ ಮಂಚ ತೋರಿಸುವವರಿದ್ದರೆ ಚಪ್ಪಲಿ ಮೆಟ್ಟಿ ಹೊರಡುವುದೇ ಸರಿ.

ಎಂ.ಆರ್.ಐ. ಬೇಕೇ? ಬೆಲ್ಟ್ ಬೇಕೇ?

ಎಲ್ಲರಿಗೂ ಬೇಡ. 2015ರ ಒಂದು ಅಧ್ಯಯನದ ಪ್ರಕಾರ ಯಾವ ನೋವೂ ಇಲ್ಲದ 20ರ ಹರೆಯದವರಲ್ಲೇ 100ಕ್ಕೆ 37 ಮಂದಿಯ ಡಿಸ್ಕ್ ಸವೆದಂತೆ ಚಿತ್ರದಲ್ಲಿ ಕಾಣುತ್ತದೆ. 80ರಲ್ಲಿ ಇದು 96. ಅಂದರೆ ವರದಿಯಲ್ಲಿ 'ಸವೆತ' ಎಂದಿದ್ದರೆ ಅದು ಕೂದಲು ನರೆತಂತೆಯೇ ಇರಬಹುದು. ಮೇಲೆ ಹೇಳಿದ ಅಪಾಯ ಸೂಚನೆಗಳಿದ್ದರೆ, ಅಥವಾ ವಾರಗಟ್ಟಲೆ ಕಳೆದರೂ ಇಳಿಯದ ಕಾಲು ನೋವಿದ್ದರೆ ವೈದ್ಯರು ಹೇಳಿದಂತೆ ಮಾಡಿಸಬೇಕು.

ಸೊಂಟದ ಬೆಲ್ಟ್ ಕೊಂಡವರಿಗೆ ಬೇಸರವಾಗಬಹುದು. ಬಹುಕಾಲದ ಸೊಂಟ ನೋವಿಗೆ ಬೆಲ್ಟನ್ನೂ, ತೂಕ ಕಟ್ಟಿ ಎಳೆಯುವುದನ್ನೂ 2023ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ವಾರಗಟ್ಟಲೆ ಮಲಗಿರುವುದೂ ಒಳ್ಳೆಯದಲ್ಲ. ಮಲಗಿದಷ್ಟೂ ಸ್ನಾಯು ಸೋಲುತ್ತದೆ. ತೀರಾ ನೋವಿದ್ದರೆ ಒಂದೆರಡು ದಿನ ವಿಶ್ರಾಂತಿ, ಬಿಸಿನೀರಿನ ಶಾಖ, ಆಮೇಲೆ ಆದಷ್ಟು ಓಡಾಟ.

ಮತ್ತೆ ಬಾರದಂತೆ ಏನು ಮಾಡಬೇಕು?

ಉತ್ತರ ಬಹಳ ಅಗ್ಗದ್ದು, ನಡೆಯುವುದು. ಸೊಂಟ ನೋವು ವಾಸಿಯಾದ 701 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಕ್ರಮೇಣ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯಲು ಹೇಳಿಕೊಟ್ಟ ಗುಂಪಿನಲ್ಲಿ ನೋವು ಮರಳಲು 208 ದಿನ ಹಿಡಿಯಿತು. ಏನೂ ಹೇಳಿಕೊಡದ ಗುಂಪಿನಲ್ಲಿ 112 ದಿನವಷ್ಟೇ.

ಇದರ ಜತೆ ಕೆಲಸದ ಕ್ರಮವೂ ಬದಲಾಗಬೇಕು. ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೊಂದು ಸುತ್ತು ಬರಬಹುದು. ಗೋಣಿ ಎತ್ತುವಾಗ ಅದನ್ನು ಮೈಗೆ ಹತ್ತಿರ ಹಿಡಿದು, ಮೊಣಕಾಲು ಮಡಚಿ ಎತ್ತಬೇಕು. ಒಬ್ಬರೇ ಎತ್ತುವ ಹಟಕ್ಕಿಂತ ಇನ್ನೊಂದು ಕೈ ಕರೆಯುವುದು ಲೇಸು.

ಬೆನ್ನು ಸುಲಭಕ್ಕೆ ಮುರಿಯುವ ವಸ್ತುವಲ್ಲ. ಹೆಚ್ಚಿನ ನೋವು ಬಂದ ಹಾಗೆಯೇ ಹೋಗುತ್ತದೆ. ಬಲ್ಲವರ ಕೈ ತಾಗಿದರೆ ಸ್ವಲ್ಪ ಬೇಗ ಹೋಗಲೂಬಹುದು. ಆದರೆ ಹೋಗದ ನೋವೂ ಒಂದಿದೆ. ಅದು ಜ್ವರದಲ್ಲೋ, ಜೋಮಿನಲ್ಲೋ, ಮೂತ್ರದಲ್ಲೋ ತನ್ನ ಗುರುತು ಹೇಳುತ್ತದೆ. ಆ ಗುರುತು ಕಂಡ ದಿನ ಉಳುಕಿನವರ ಮನೆಯನ್ನೂ, ಲಟಕ್ ಎನಿಸುವ ಮಂಚವನ್ನೂ ದಾಟಿ ನೇರ ಆಸ್ಪತ್ರೆಗೇ ಹೋಗಬೇಕು.